ಪಾವ್ಲೀನಾಳ ಅಪ್ಪಣೆ

ಏಪ್ರಿಲ್ 24, ಬುಧವಾರ

ಡಾಕ್ಟರಮ್ಮ ನನ್ನ ಅಂಗಡಿಗೆ ಬೀಗ ಜಡಿದಿದ್ದಾಳೆ. ಗಂಟಲೊಳಗೆ ಬೆಳೆದಿದ್ದ ಗಂಟನ್ನು ಕೆರೆದು ತೆಗೆದಾಯಿತಂತೆ. ನನಗೆ ಇಷ್ಟೆಲ್ಲ ಕಾಟ ಕೊಟ್ಟದ್ದು ಬಾರ್ಲಿ ಕಾಳಿನಷ್ಟಿತ್ತಂತೆ. "ಮೂರು ವಾರ ಒಂದಕ್ಷರ ಆಡಕೂಡದು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಆಮೇಲೆ ನೋಡೋಣ," ಎಂದಳು. ನಾನು ಬಾಯಿ ತೆರೆದೆ. ಆಕೆ ಬೆರಳೆತ್ತಿದಳು. ನನ್ನ ಮಾತನ್ನು ಶುರುವಾಗುವ ಮೊದಲೇ ನಿಲ್ಲಿಸಿದ ಮೊದಲ ವ್ಯಕ್ತಿ ಆಕೆ.

ಅದಕ್ಕೇ ಈ ಬರವಣಿಗೆ. ಆಡದ ಮಾತು ಒಳಗೇ ಕೂತರೆ ಎಲೆಕೋಸಿನ ಪೀಪಾಯಿಯ ಹಾಗೆ ಹುಳಿ ಬಂದು ಮುಚ್ಚಳ ಹಾರಿಸುತ್ತದೆ.

ನನ್ನ ನಾಲಗೆಯ ಬೆಲೆ ನನಗೆ ಗೊತ್ತು. ಅಪ್ಪ ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದು ಸತ್ತ. ಆಫೀಸಿನ ಕಿಟಕಿಯ ಮುಂದೆ ನಿಂತರೆ ಅವನಿಗೆ ತನ್ನ ಹೆಸರು ಹೇಳುವಷ್ಟರಲ್ಲಿ ಬೆವರು ಬರುತ್ತಿತ್ತು. ಅವನ ಮಗ ನಾನು, ಬೆನ್ಯೊ ಮೆಲಿಖ್, ದೇತ್ವಾ ಪೇಟೆಯಿಂದ ಹಿಡಿದು ಬೆಟ್ಟದ ಮೇಲಿನ ಒಂಟಿಮನೆಗಳವರೆಗೆ ಯಾರ ಮನೆಯ ಮದುವೆಯಾದರೂ ಮಾತಿನ ಹಿರಿಯ. ಹೆಣ್ಣನ್ನು ಮನೆಯಿಂದ ಕಳಿಸಿಕೊಡಿ ಎಂದು ಕೇಳುವುದರಿಂದ ಹಿಡಿದು ಸಾರು ಬಂತು, ಚಮಚ ಎತ್ತಿ ಎನ್ನುವವರೆಗೆ ಮೈಕು ನನ್ನದು. ಈ ಮನೆಯ ಹೆಂಚು, ಕಿಟಕಿ, ಹೊಸ ಬಚ್ಚಲು ಎಲ್ಲವೂ ಬಾಯಿಂದ ಉದುರಿದ್ದು.

ಜೂನ್ ಎಂಟಕ್ಕೆ ನನ್ನ ಮಗಳದ್ದೇ ಮದುವೆ. ಒಳ್ಳೆಯ ಹೊತ್ತು ನೋಡಿ ಗಂಟಲು ಕೈಕೊಟ್ಟಿತು. ನನ್ನ ಮೈಕು ಹಿಡಿಯಲು ಜ್ವೊಲೆನ್‌ನಿಂದ ಕೊರ್ನೆಲ್ ಎಂಬ ಹುಡುಗನನ್ನು ಗೊತ್ತು ಮಾಡಿದ್ದೇವೆ. ಹಲ್ಲು ಚೆನ್ನಾಗಿದೆ. ಮಾತು ಹೇಗೋ ಏನೋ.

ಏಪ್ರಿಲ್ 28, ಭಾನುವಾರ

ಲೀವಿಯಾ ಬಂದಿದ್ದಳು, ಜೊತೆಗೆ ಅಳಿಯನಾಗಲಿರುವ ತೊಬಿಯಾಶ್. ರಾಜಧಾನಿ ಬ್ರಾತಿಸ್ಲಾವಾದವನು. ಸಂಗೀತ ಮಾಡುತ್ತಾನೆ ಅನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ಕಂಪ್ಯೂಟರಿನ ಮುಂದೆ ಕೂತು ತಲೆಯಾಡಿಸುತ್ತಾನೆ. ನಮ್ಮ ಕುರುಬರ ಆಳೆತ್ತರದ ಕೊಳಲು ಫುಯಾರಾವನ್ನು ಯಾರಿಂದಲೋ ಊದಿಸಿ, ಅದರ ಕೆಳಗೆ ದುಡುಂ ದುಡುಂ ಎಂದು ಸೇರಿಸಿದ್ದಾನೆ. ಕೇಳಿಸಿದ. ಜ್ವರ ಬಂದ ಕುರಿ ಏಣಿ ಹತ್ತುತ್ತಿದ್ದ ಹಾಗಿತ್ತು. ಇದನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಹುಡುಗ ನಕ್ಕ. ನಕ್ಕದ್ದಕ್ಕೆ ಒಂದು ಅಂಕ.

ಅಪ್ಪಣೆ ಹಾಡು ಅಂದರೇನು ಎಂದು ಅವನು ಕೇಳಿದ. ಬ್ರಾತಿಸ್ಲಾವಾದಲ್ಲಿ ಏನು ಕಲಿಸುತ್ತಾರೋ! ಲೀವಿಯಾಳೇ ಹೇಳಿದಳು: "ನಮ್ ಕಡೆ ಕುಣಿಯೋಕ್ಕೆ ಮುಂಚೆ ತಂಡದ ಮುಂದೆ ಹೋಗಿ ನಿಂತ್ಕೋಬೇಕು. ನಿನ್ ಹಾಡನ್ನ ನೀನೇ ಎತ್ತಿಕೊಡಬೇಕು. ಅದೇ ಅಪ್ಪಣೆ. ಪಿಟೀಲಿನವರು ಅದನ್ನ ಹಿಡಿದು ನುಡಿಸ್ತಾರೆ, ನೀನು ಕುಣೀತೀಯ. ಒಬ್ಬೊಬ್ರಿಗೂ ಅವರವರದ್ದೇ ಹಾಡು ಇರುತ್ತೆ."

"ಇಲ್ದಿದ್ರೆ?"

"ಇಲ್ದಿದ್ರೆ ಬ್ರಾತಿಸ್ಲಾವಾಗೆ ವಾಪಸ್ ಹೋಗ್ತೀಯ."

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಮದುವೆಯ ಸಂಜೆ ಹೂಕಿರೀಟ ತೆಗೆದು ತಲೆವಸ್ತ್ರ ಕಟ್ಟಿದ ಮೇಲೆ ಮದುಮಗಳ ಮೊದಲ ಕುಣಿತವಿರುತ್ತದಲ್ಲ, ಅದರ ಮಾತೆತ್ತಿದಳು. "ಅಪ್ಪಾ, ಆ ಕುಣಿತಕ್ಕೆ ನನಗೆ ಅಮ್ಮನ ಹಾಡು ಬೇಕು. ನೀನೇ ಮುಂದೆ ನಿಂತು ಎತ್ತಿಕೊಡಬೇಕು. ಮೈಕಿಲ್ಲದೆ. ಡಾಕ್ಟರ್ ಅಷ್ಟೊತ್ತಿಗೆ ಎರಡು ಸಾಲಿಗೆ ಬಿಡ್ತಾರಂತೆ, ಕೇಳಿದೀನಿ."

ಸ್ಲೇಟಿನ ಮೇಲೆ ದೊಡ್ಡದಾಗಿ "ಸರಿ" ಎಂದು ಬರೆದೆ. ಅವಳು ನನ್ನ ಹಣೆಗೆ ಮುತ್ತಿಟ್ಟು ಹೋದಳು.

ಸರಿಯೇನೋ ಸರಿ. ಪಾವ್ಲೀನಾಳ ಹಾಡು ಯಾವುದು?

ಮೇ 1, ಬುಧವಾರ

ಮೂರು ದಿನದಿಂದ ತಲೆಯನ್ನು ಪೆಟ್ಟಿಗೆಯ ಹಾಗೆ ಬುಡಮೇಲು ಮಾಡಿ ಅಲುಗಿಸಿದ್ದೇನೆ. ಪಾವ್ಲೀನಾ ಹೋಗಿ ಹದಿನೆಂಟು ವರ್ಷ. ಆಗ ಲೀವಿಯಾಗೆ ಒಂಬತ್ತು. ಹೆಂಡತಿ ನಾನು ಮಾತಾಡಿದ ಎಷ್ಟೋ ಮದುವೆಗಳಿಗೆ ಬಂದಿದ್ದಳು. ಪ್ರತಿಸಲವೂ ಎದ್ದು ಹೋಗಿ ತಂಡದ ಮುಂದೆ ನಿಂತು ಹಾಡಿದ್ದಳು. ಹಾಡಿದ್ದು ನೆನಪಿದೆ. ಕೆಂಪು ಪಟ್ಟಿಯ ಮೇಲಂಗಿ ನೆನಪಿದೆ, ಎಡಗೈ ಸೊಂಟದ ಮೇಲೆ. ಹಾಡು ಮಾತ್ರ ಇಲ್ಲ. ಹತ್ತೂರಿನ ಗಂಡಸರ ಹಾಡು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ, ಅದು ವ್ಯಾಪಾರ.

ಇವತ್ತು ಅರ್ಪಾದ್ ಬಂದ. ನಮ್ಮ ತಂಡದ ಮೊದಲ ಪಿಟೀಲು. ಅವನ ಅಪ್ಪ, ಅಜ್ಜ ಇಬ್ಬರೂ ಇದೇ ಬೆಟ್ಟದ ಮದುವೆಗಳಿಗೆ ನುಡಿಸಿದ ರೋಮಾ ಮನೆತನ. ನಾನು ಮೂಕನಾಗಿದ್ದನ್ನು ಕಣ್ಣಾರೆ ನೋಡಲು ಬಂದಿದ್ದಾನೆ.

"ಏನು ಹಿರೀಕರೇ, ಬಾಯಿ ತುಕ್ಕು ಹಿಡೀತಾ? ಇನ್ನೊಂದ್ಸಲ ಸುಮ್ನಿರು ನೋಡೋಣ. ಆಹಾ. ಈ ಮನೇಲಿ ಗಡಿಯಾರ ಇದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು."

ಪ್ಲಮ್ ಸಾರಾಯಿ ಸುರಿದು ಮುಂದಿಟ್ಟೆ. ಸ್ಲೇಟಿನಲ್ಲಿ ಬರೆದೆ: ಪಾವ್ಲೀನಾಳ ಹಾಡು ನೆನಪಿದೆಯಾ?

ಅವನು ನನ್ನನ್ನು ಒಂದು ಕ್ಷಣ ನೋಡಿದ. ಪಿಟೀಲು ತೆಗೆದು ಅಡಿಗೆಮನೆಯ ಬಾಗಿಲಿಗೆ ಒರಗಿ ನುಡಿಸಿದ. ಮೊದಲೆರಡು ಸ್ವರಕ್ಕೇ ನನ್ನ ಕೈಯಲ್ಲಿದ್ದ ಬಳಪ ನಿಂತಿತು. ಅದೇ. ನೂರು ಸಲ ಕೇಳಿದ್ದೇನೆ. ಕೆಳಗಿಂದ ಹತ್ತಿ, ಮಧ್ಯದಲ್ಲಿ ಒಮ್ಮೆ ಎಡವಿದಂತೆ ಮಾಡಿ, ನಗುತ್ತಾ ಇಳಿಯುತ್ತದೆ.

ಮಾತುಗಳು? ಎಂದು ಬರೆದೆ.

"ಮಾತು ನಾನೆಲ್ಲಿ ಕೇಳ್ತೀನಯ್ಯ? ನನ್ ಕಣ್ಣು ಹಾಡೋರ ಉಸಿರಿನ ಮೇಲಿರುತ್ತೆ. ಅವರು ಉಸಿರು ತಗೊಂಡಾಗ ನಾನು ಬಿಲ್ಲು ಎತ್ತಬೇಕು. ಮಾತು ನಿನ್ ಇಲಾಖೆ."

ಇನ್ನೊಂದು ಲೋಟ ಕುಡಿದು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ಹೆಂಡ್ತಿ ಹಾಡು ಪಿಟೀಲಿನವನ್ನ ಕೇಳೋ ಗಂಡನ್ನ ಇವತ್ತೇ ನೋಡಿದ್ದು," ಎಂದ. ಉತ್ತರ ಕೊಡಲು ಸ್ಲೇಟು ಹುಡುಕುವಷ್ಟರಲ್ಲಿ ಗೇಟು ದಾಟಿದ್ದ.

ಮೇ 5, ಭಾನುವಾರ

ನನಗೇನು ಬುದ್ಧಿಯಿಲ್ಲವೇ? ನಾನು ಮಾತಾಡಿದ ಮದುವೆಗಳ ವಿಡಿಯೊ ಕ್ಯಾಸೆಟ್ಟುಗಳು ಅಟ್ಟದಲ್ಲಿವೆ. ಹೊಸ ಗಿರಾಕಿಗಳಿಗೆ ನನ್ನ ಮಾತುಗಾರಿಕೆ ತೋರಿಸಲೆಂದು ಕೂಡಿಟ್ಟದ್ದು. ಇಡೀ ದಿನ ಕೂತು ನೋಡಿದೆ.

ಪಾವ್ಲೀನಾ ನಾಲ್ಕು ಕ್ಯಾಸೆಟ್ಟುಗಳಲ್ಲಿದ್ದಾಳೆ. ಮೂರರಲ್ಲಿ ಬೆನ್ನು. ಒಂದರಲ್ಲಿ ಮುಖ, ಹಾಡುತ್ತಿರುವ ಬಾಯಿ. ಅದರ ಮೇಲೆ ನನ್ನ ಕಂಠ, ಆಗಿನ ನನ್ನ ಚಿನ್ನದಂಥ ಕಂಠ: "ಹಾಲಿನ ಲಾರಿ ಬಂದಿದೆ! ಬಿಳಿ ಕಾರಿನವರು ದಾರಿ ಬಿಡಿ! ಇಲ್ದಿದ್ರೆ ಹಸೂನೇ ಒಳಗೆ ಕರ್ಕೊಂಡು ಬರಬೇಕಾಗುತ್ತೆ!" ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇಷ್ಟು ವರ್ಷವಾದರೂ ಹಸುವಿನ ಜೋಕು ಹಳಸಿಲ್ಲ.

ಉಳಿದ ಮೂರರಲ್ಲೂ ನಾನೇ. ಒಂದರಲ್ಲಿ ಕೇಕು. ಒಂದರಲ್ಲಿ ಯಾರದೋ ಕಳೆದುಹೋದ ಕನ್ನಡಕ. ಇನ್ನೊಂದರಲ್ಲಿ ಏನೂ ಕಾರಣವಿಲ್ಲ; ಸುಮ್ಮನೆ ಮಾತಾಡುತ್ತಿದ್ದೇನೆ.

ಮೇ 9, ಗುರುವಾರ

ತೊಬಿಯಾಶ್‌ಗೆ ಕ್ಯಾಸೆಟ್ಟು ಕಳಿಸಿದ್ದೆ. ಕಾರಣ ಬರೆಯಲಿಲ್ಲ, ಲೀವಿಯಾಗೆ ಹೇಳಬೇಡ ಎಂದಷ್ಟೇ ಬರೆದೆ. ಅದರಿಂದಲೇ ಅವನಿಗೆ ಕಾರಣ ಗೊತ್ತಾಗಿರಬೇಕು, ಹುಡುಗ ಪೆದ್ದನಲ್ಲ. ಇವತ್ತು ಕಂಪ್ಯೂಟರು ಹೊತ್ತುಕೊಂಡು ಒಬ್ಬನೇ ಬಂದ. ಲೀವಿಯಾಗೆ ಸ್ಪೀಕರ್ ರಿಪೇರಿ ಎಂದು ಹೇಳಿದ್ದಾನೆ. ಮಾವನಿಗಾಗಿ ಸುಳ್ಳು ಹೇಳುವ ಅಳಿಯ. ಇನ್ನೊಂದು ಅಂಕ.

ಈಗಿನ ಯಂತ್ರಗಳು ಸಾರಿನಿಂದ ಉಪ್ಪು ತೆಗೆದ ಹಾಗೆ ದನಿಗಳನ್ನು ಬೇರೆ ಬೇರೆ ಮಾಡುತ್ತವಂತೆ. ಮೊದಲು ನನ್ನ ದನಿಯನ್ನು ಕೇಳಿಸಿದ. ಗಾಜಿನಂತೆ ಸ್ವಚ್ಛ.

"ಮಾವ, ನಿಮ್ಮದು ಪೂರ್ತಿ ಬಂತು. ಅತ್ತೆಯದ್ದು…" ಎಂದು ನಿಲ್ಲಿಸಿದ. "ನೀವು ಮೈಕಲ್ಲಿದ್ರಿ, ಅವರು ಮೈಕಿಲ್ದೆ ಹಾಡ್ತಿದ್ರು. ನಿಮ್ಮನ್ನ ತೆಗೆದ್ರೆ ನಿಮ್ ಹಿಂದಿದ್ದಿದ್ದೂ ಕಿತ್ಕೊಂಡು ಬರುತ್ತೆ. ನೀವು ಉಸಿರು ತಗೊಂಡ ಜಾಗದಲ್ಲಿ ಮಾತ್ರ ಅವರು ಉಳಿದಿದಾರೆ."

ದೊಡ್ಡ ಹೆಡ್‌ಫೋನು ಕೊಟ್ಟ. ಕಿವಿಯ ಮೇಲಿಟ್ಟುಕೊಂಡೆ.

"…ಕೊಟ್ಟಿಗೆ ಬಾಗ್ಲು…" ತೂತು. ತೂತು. "…ಮುಚ್ಚೋದಿಲ್ಲ…" ಆಮೇಲೆ ನಗು, ತೂತು, ಪಿಟೀಲು.

ಇಷ್ಟೇ. ಆದರೆ ಪಾವ್ಲೀನಾಳೇ. "ಮುಚ್ಚೋದಿಲ್ಲ" ಎನ್ನುವಾಗ ನಾಲಗೆಯನ್ನು ಹಲ್ಲಿಗೆ ತಾಗಿಸುತ್ತಿದ್ದಳು. ಅದು ನನಗೆ ಮರೆತೇ ಹೋಗಿತ್ತು. ಹಲವು ಸಲ ಕೇಳಿದೆ. ತೊಬಿಯಾಶ್ ಹೊರಗೆ ಹೋಗಿ ಸಿಗರೇಟು ಸೇದಿದ. ಸಿಗರೇಟು ಸೇದುವುದಿಲ್ಲ ಎಂದು ಮೊದಲ ದಿನ ಹೇಳಿದ್ದ. ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊಟ್ಟಿಗೆ ಬಾಗಿಲು. ಅವಳ ತವರಿನಲ್ಲಿ ಒಂದು ಮುರುಕು ಕೊಟ್ಟಿಗೆಯಿತ್ತು. ಬಾಗಿಲು ಸರಿಮಾಡಿಸಿಕೊಡುತ್ತೇನೆ ಎಂದು ಮಾವನಿಗೆ ಮಾತು ಕೊಟ್ಟಿದ್ದೆ. ಹಾಗಾದರೆ ಅದು ತವರಿನ ಹಾಡು. ತವರಿನ ಕಡೆ ಕೇಳಬೇಕು.

ಮೇ 12, ಭಾನುವಾರ

ಪಾವ್ಲೀನಾಳ ತವರಿನ ಬೆಟ್ಟದಲ್ಲಿ ಈಗ ಉಳಿದಿರುವುದು ಜೋಫಿಯಾಜ್ಜಿ ಒಬ್ಬಳೇ, ಅದೂ ಬೆಟ್ಟದಲ್ಲಿಲ್ಲ, ಪೇಟೆಯ ವೃದ್ಧಾಶ್ರಮದಲ್ಲಿ. ಪಕ್ಕದ ಮನೆಯವಳಾಗಿದ್ದಳು. ಇವತ್ತು ತಾಯಂದಿರ ದಿನ, ಎಲ್ಲರ ಕೈಯಲ್ಲೂ ಟ್ಯೂಲಿಪ್. ನಾನೂ ಒಂದು ಗೊಂಚಲು ಹಿಡಿದು ಹೋದೆ.

ಒಂದು ಲೆಕ್ಕ ತಪ್ಪಿತ್ತು. ಅಜ್ಜಿಗೆ ಕಣ್ಣು ಪೂರ್ತಿ ಹೋಗಿದೆ.

"ಯಾರ್ಲಾ ಅದು? ಬಂದು ನಿಂತ್ಕಂಡು ಉಸಿರು ಬಿಡ್ತಾವ್ನೆ. ಬಾಯಿಲ್ವಾ?"

ನಾನು ಸ್ಲೇಟು ತೋರಿಸಿದೆ. ಕುರುಡಿಗೆ. ಆಮೇಲೆ ನರ್ಸನ್ನು ಕೈಹಿಡಿದು ಎಳೆದು ತಂದೆ. ಪೂರ್ವದ ಕಡೆಯ ಹೆಂಗಸು, ಓದುವಾಗ ಪ್ರತಿ ಪದವನ್ನೂ ತಪ್ಪು ಜಾಗದಲ್ಲಿ ಒತ್ತುತ್ತಿದ್ದಳು. "ಇವರು ಬೆನ್ಯೊ ಅಂತೆ, ಅಜ್ಜಿ. ಗಂಟಲು ಆಪರೇಷನ್ನಂತೆ. ಮಾತಾಡಬಾರದಂತೆ."

ಅಜ್ಜಿ ಎಷ್ಟು ನಕ್ಕಳೆಂದರೆ ಪಕ್ಕದ ಮಂಚದವಳು ಗಂಟೆ ಬಾರಿಸಿದಳು. "ಬೆನ್ಯೊ? ಮಾತಾಡ್ದೆ? ದೇವ್ರೇ, ಪಾವ್ಲೀನಾ ಇದ್ದಿದ್ರೆ ಆಸ್ಪತ್ರೆಗೆ ಹಂದಿ ಕಡಿದು ಕೊಡೋಳು."

ನರ್ಸು ಮುಂದಿನದನ್ನು ಓದಿದಳು: ಪಾವ್ಲೀನಾ ಹಾಡುತ್ತಿದ್ದ ಹಾಡಿನ ಮಾತು ಏನು?

ಅಜ್ಜಿ ನಗು ನಿಲ್ಲಿಸಿದಳು. "ಅದ್ನ ನನ್ನ ಯಾಕ್ ಕೇಳ್ತಾನೆ? ಪಕ್ಕದಲ್ಲೇ ಆ ಕಬ್ಬಿಣದ್ ಕಡ್ಡಿ ಹಿಡ್ಕಂಡು ನಿಂತಿರ್ತಿದ್ದೋನು ಅವ್ನಲ್ವಾ?" ಸ್ವಲ್ಪ ಹೊತ್ತು ಟ್ಯೂಲಿಪ್ಪಿನ ಎಲೆಗಳನ್ನು ಬೆರಳಲ್ಲಿ ಎಣಿಸಿದಳು. "ರಾಗ ಅವ್ಳಮ್ಮಂದು. ಮಾತು ಅವ್ಳದ್ದೇ, ಅವ್ಳೇ ಕಟ್ಟಿದ್ದು. ಇವ್ನ ಮೇಲೇ ಕಟ್ಟಿದ್ದು. ನನಗೆಲ್ಲಿ ನೆಪ್ಪಿರ್ತೈತೆ, ಎಷ್ಟು ವರ್ಸ ಆಯ್ತು. ಎಲ್ರೂ ನಗೋರು. ಇವ್ನೂ ನಗೋನು. ಗೊತ್ತಿದ್ದೇ ನಗ್ತಾವ್ನೆ, ಒಳ್ಳೇ ಗಂಡ ಅಂದ್ಕಂಡಿದ್ವಿ."

ಬಸ್ಸಿನಲ್ಲಿ ಒಂದು ವಿಚಾರ ಹೊಳೆಯಿತು, ಮನೆಗೆ ಬಂದು ಕ್ಯಾಸೆಟ್ಟು ಹಾಕಿ ನೋಡಿದೆ. ಜನ ನಗುವುದು ಹಸುವಿನ ಮಾತು ಮುಗಿದ ಮೇಲಲ್ಲ. ಹಸು ಇನ್ನೂ ನನ್ನ ಬಾಯಲ್ಲಿದ್ದಾಗಲೇ ನಗುತ್ತಿದ್ದಾರೆ. ಅವರು ಅವಳ ಕಡೆ ತಿರುಗಿದ್ದಾರೆ. ನಾನು ಜೋಕು ಗೆದ್ದಿತೆಂದು ಮೈಕು ಎತ್ತಿ ತಲೆಬಾಗುತ್ತಿದ್ದೇನೆ.

ಮೇ 15, ಬುಧವಾರ

ದಿನಕ್ಕೆ ನಾಲ್ಕು ಮಾತು ಆಡಬಹುದಂತೆ. ಹಾಡು ಈಗಲೇ ಬೇಡ, ಮುಂದಿನ ತಿಂಗಳು ನೋಡೋಣವಂತೆ. ಡಾಕ್ಟರಮ್ಮನಿಗೆ ಥ್ಯಾಂಕ್ಸ್ ಎಂದೆ. ಉಳಿದದ್ದನ್ನು ಖರ್ಚು ಮಾಡಲು ಮನಸ್ಸಾಗಲಿಲ್ಲ.

ಮೇ 18, ಶನಿವಾರ

ಪಕ್ಕದೂರಿನ ಮದುವೆ. ನನ್ನ ಬದಲಿಗೆ ಕೊರ್ನೆಲ್. ಅವನ ಕೆಲಸ ಅಳೆಯಲೆಂದೇ ಹೋದೆ. ಅತಿಥಿಗಳ ಮೇಜಿನಲ್ಲಿ ಕೂತರೆ ಎಲ್ಲರೂ ಮಾತಾಡಿಸುತ್ತಾರೆಂದು ತಂಡದ ಹಿಂದೆ, ಚಿಂಬಲ್ ಪಕ್ಕದ ಕುರ್ಚಿಯಲ್ಲಿ ಕೂತೆ. ತಂತಿಗಳ ಮೇಲೆ ಕೋಲು ಬಿದ್ದಾಗಲೆಲ್ಲ ನನ್ನ ಹಲ್ಲು ನಡುಗುತ್ತಿತ್ತು. ಇಷ್ಟು ವರ್ಷ ಈ ವಾದ್ಯದ ಮುಂದೆಯೇ ನಿಂತಿದ್ದೆ, ಬೆನ್ನು ಹಾಕಿಕೊಂಡು.

ಒಬ್ಬ ಬೋಳುತಲೆಯ ಮುದುಕ ಎದ್ದು ಬಂದು ನಿಂತ. ಅರ್ಪಾದ್ ಅವನ ಎದೆಯನ್ನು ನೋಡುತ್ತಿದ್ದ. ಎದೆ ಉಬ್ಬಿತು, ಬಿಲ್ಲು ಎದ್ದಿತು. ಮುದುಕ ಹಾಡಿದ, ತನ್ನ ಕುದುರೆಯ ಬಗ್ಗೆ, ಕುದುರೆಗಿಂತ ಮೊದಲೇ ಹೋದ ತಮ್ಮನ ಬಗ್ಗೆ. ಅವನು ಬದುಕಿನಲ್ಲಿ ಬೇರೆಲ್ಲೂ ಇದನ್ನು ಬಾಯಿಬಿಟ್ಟು ಹೇಳಿರಲಾರ. ಕೊನೆಯ ಸಾಲಿಗೆ ಕೊರ್ನೆಲ್ ಮೈಕಿನಲ್ಲಿ, "ಭೇಷ್ ತಾತ! ಈಗ ಕರಿದ ಮಾಂಸ ಬರ್ತಿದೆ!" ಎಂದ. ಮುದುಕ ತಲೆಯಾಡಿಸಿ ಕುಣಿಯದೇ ಹೋಗಿ ಕೂತ.

ಹುಡುಗ ಕೆಲಸ ಬಲ್ಲ. ಹೊತ್ತಿಗೆ ಸರಿಯಾಗಿ ಊಟ ಬಂತು. ಚೀಟಿ ಬರೆದು ಕಳಿಸಿ ನಾನು ಅವನಿಗೆ ಕಲಿಸಿದ್ದೂ ಇದನ್ನೇ ಅಲ್ಲವೇ.

ತಂಡದವರ ಜೊತೆ ಅಡಿಗೆಮನೆಯ ಓಣಿಯಲ್ಲಿ ಉಂಡೆ. ಸಾರು ತಣ್ಣಗಾಗಿತ್ತು. "ಯಾವಾಗ್ಲೂ ಹೀಗೇನಾ?" ಎಂದೆ. ನಾಲ್ಕು ಮಾತಿನಲ್ಲಿ ಒಂದು.

ಅರ್ಪಾದ್ ರೊಟ್ಟಿ ಮುರಿಯುತ್ತಾ, "ಮೂವತ್ತು ವರ್ಷದಿಂದ," ಎಂದ. "ನೀನು ಆ ಕಡೆ ಮೇಜಲ್ಲಿ ಕತೆ ಹೇಳ್ತಿರ್ತೀಯಲ್ಲ, ನಿನಗೆ ಬಿಸಿ ಸಿಗುತ್ತೆ."

ಮೇ 27, ಸೋಮವಾರ

ಸಿಕ್ಕಿತು! ಅಥವಾ ಮಾಡಿಕೊಂಡೆ. ಎರಡರಲ್ಲಿ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ?

ರಾಗ ಅರ್ಪಾದ್‌ನ ಕೈಯಲ್ಲಿದೆ. ಮಾತು ಯಾರಿಗೂ ನೆನಪಿಲ್ಲ. ಮಾತು ಕಟ್ಟುವುದು ನನ್ನ ಕಸುಬು. ಯಾರ ಅಜ್ಜಿಯ ಬಗ್ಗೆಯೂ ನಿಂತ ಕಾಲಲ್ಲಿ ನಾಲ್ಕು ಸಾಲು ಕಟ್ಟಿದವನು ನಾನು. ಬೆಳಿಗ್ಗೆ ಕೋಳಿಗೆ ಕಾಳು ಹಾಕುತ್ತಾ ಕೂಡಿಸಿದೆ:

ಬೆಟ್ಟದ ಮೇಲೆ ಬೆಳಕು ಹರಿದರೆ ನನ್ನ ಬೆನ್ಯೊ ಬಂದಾನು,
ನೂರು ಮಂದಿ ನಡುವೆ ನಿಂತು ನನ್ನ ಹೆಸರೇ ಕರೆದಾನು.

ರಾಗಕ್ಕೆ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ. ಲೀವಿಯಾ ಅಳುತ್ತಾಳೆ, ಖಂಡಿತ. ಅಜ್ಜಿಯಂದಿರೂ ಅಳುತ್ತಾರೆ. ಕೊಟ್ಟಿಗೆ ಬಾಗಿಲನ್ನು ಎರಡನೇ ಚರಣಕ್ಕೆ ಸೇರಿಸೋಣವೆಂದುಕೊಂಡೆ, ಒಗ್ಗಲಿಲ್ಲ, ಬಿಟ್ಟೆ.

ಒಂದು ಹಗಲು ಇಡೀ ಸಂತೋಷದಲ್ಲಿದ್ದೆ.

ಜೂನ್ 3, ಸೋಮವಾರ

ಡಾಕ್ಟರಮ್ಮ ಒಪ್ಪಿದಳು: ಎರಡು ಸಾಲು, ಮೆಲ್ಲಗೆ. ನೇರವಾಗಿ ಅರ್ಪಾದ್‌ನ ಅಂಗಳಕ್ಕೆ ಹೋದೆ. ಅವನು ಚೆರ್ರಿ ಮರದ ಕೆಳಗೆ ಪಿಟೀಲಿನ ಬಿಲ್ಲಿಗೆ ರಾಳ ಹಚ್ಚುತ್ತಿದ್ದ.

ಮುಂದೆ ನಿಂತು ಹಾಡಿದೆ. ದನಿ ಬೇರೆ ಯಾರದೋ ಎಂಬಂತಿತ್ತು, ತೆಳ್ಳಗೆ, ಒರಟು. ಅವನು ಉಸಿರು ಹಿಡಿದು ಸರಿಯಾಗಿ ಎತ್ತಿಕೊಂಡ. ನುಡಿಸಿ ಮುಗಿಸಿ ಬಿಲ್ಲು ಕೆಳಗಿಟ್ಟ.

"ಚೆನ್ನಾಗಿದೆ. ಯಾರದ್ದು?"

"ಪಾವ್ಲೀನಾದು."

"ಹೌದಾ?" ಬಾಯಿಗೆ ಒಂದು ಚೆರ್ರಿ ಎಸೆದುಕೊಂಡ. "ಪಾವ್ಲೀನಾ ಹಾಡಲ್ಲಿ ಬೆನ್ಯೊ ಇಷ್ಟು ಒಳ್ಳೆಯವನಾಗಿರ್ಲಿಲ್ಲ."

"ಹಾಗಾದ್ರೆ ಮಾತು ಗೊತ್ತು ನಿನಗೆ! ಇಷ್ಟು ದಿನ ಆಟ ಆಡಿಸ್ತಿದ್ದೀಯಾ?"

"ಗಂಟಲು, ಗಂಟಲು. ಕಿರುಚಬೇಡ. ಗೊತ್ತಿಲ್ಲ ಅಂದ್ನಲ್ಲ. ಕೇಳಿದವರ ಮುಖ ಗೊತ್ತು. ಆ ಎಡವೋ ಸ್ವರ ಇದೆಯಲ್ಲ ಮಧ್ಯದಲ್ಲಿ, ಅಲ್ಲಿ ಎಲ್ಲರೂ ಅವಳ ಕಡೆ ತಿರುಗಿ ನಗೋರು. ಅವಳು ನಿನ್ನೇ ನೋಡೋಳು. ನೀನು ತಿರುಗ್ತೀಯೇನೋ ಅಂತ ಒಂದು ಘಳಿಗೆ ಕಾಯೋಳು. ಅದಕ್ಕೇ ನಾನೂ ಅಲ್ಲಿ ಒಂದು ಎಳೆ ಹೆಚ್ಚು ಎಳೀತಿದ್ದೆ." ಬೀಜ ಉಗಿದ. "ನಿನ್ ಹಾಡಲ್ಲಿ ಅಲ್ಲಿ ಯಾರೂ ನಗಲ್ಲ ನೋಡು. ಎಳೆಯೋಕ್ಕೆ ನನಗೆ ಕಾರಣ ಸಿಗ್ಲಿಲ್ಲ."

ನಾನು ಬೆಂಚಿನ ಮೇಲೆ ಕೂತೆ. ಅವನು ಟೋಪಿಯಲ್ಲಿದ್ದ ಚೆರ್ರಿಗಳನ್ನು ನಮ್ಮಿಬ್ಬರ ನಡುವೆ ಇಟ್ಟ. ಅವು ಮುಗಿಯುವವರೆಗೂ ಇಬ್ಬರೂ ತಿಂದೆವು.

ಮುಚ್ಚದ ಕೊಟ್ಟಿಗೆ ಬಾಗಿಲು ಯಾವುದೆಂದು ದಾರಿಯಲ್ಲಿ ತಿಳಿಯಿತು. ಅದು ಮಾವನ ಮನೆಯದಲ್ಲ, ನನ್ನ ಮೂಗಿನ ಕೆಳಗಿನದು.

ಜೂನ್ 4, ಮಂಗಳವಾರ

ಏನೂ ಇಲ್ಲ.

ಜೂನ್ 6, ಗುರುವಾರ

ಲೀವಿಯಾ ತಲೆವಸ್ತ್ರ ತೆಗೆದುಕೊಂಡು ಹೋಗಲು ಬಂದಳು, ಅವಳಮ್ಮನದ್ದು. ಇಸ್ತ್ರಿ ಮಾಡಿ ಮಡಿಸಿಟ್ಟಿದ್ದೆ. ಅಡಿಗೆಮನೆಯಲ್ಲಿ ರೊಟ್ಟಿಗೆ ಕುರಿಗಿಣ್ಣು ಸವರಿ ತಿನ್ನುತ್ತಾ ಕೊರ್ನೆಲ್ ಬಗ್ಗೆ, ಕುರ್ಚಿಗಳ ಬಗ್ಗೆ, ಬ್ರಾತಿಸ್ಲಾವಾದ ಬೀಗರಿಗೆ ನಮ್ಮ ಸಾರಾಯಿ ತಡೆಯುತ್ತದೋ ಇಲ್ಲವೋ ಎಂಬುದರ ಬಗ್ಗೆ ಹೇಳುತ್ತಿದ್ದಳು. ಮಾತಾಡುವಾಗ ಇವಳದ್ದು ನನ್ನ ವೇಗ. ನಾನು ಕೇಳಿಸಿಕೊಂಡೆ. ನಡುವೆ ಬಾಯಿ ಹಾಕಬೇಕೆನಿಸಲಿಲ್ಲ, ಗಂಟಲಿಗೆ ಒಳ್ಳೆಯದು.

ಆಮೇಲೆ ಸ್ಲೇಟು ತೆಗೆದುಕೊಂಡೆ. ಮಾತಾಡಲು ಅಪ್ಪಣೆಯಿತ್ತು, ಆದರೂ ಬರೆದೆ: ನಿಮ್ಮಮ್ಮನ ಹಾಡು ನನಗೆ ಗೊತ್ತಿಲ್ಲ.

ಓದಿದಳು. ಇನ್ನೊಮ್ಮೆ ಓದಿದಳು. ತೋಳಿನಿಂದ ಅಕ್ಷರಗಳನ್ನು ಒರೆಸಿದಳು, ಬೇರೆ ಯಾರಾದರೂ ನೋಡಿಯಾರು ಎಂಬಂತೆ.

"ನನಗೂ ಗೊತ್ತಿಲ್ಲಪ್ಪ," ಎಂದಳು. "ಹಾಡಿನ ಹೊತ್ತಿಗೆ ನಮ್ಮನ್ನೆಲ್ಲ ಮಲಗಿಸ್ತಿದ್ರು. ಗೋಡೆಯಾಚೆಯಿಂದ ನಗೋದು ಮಾತ್ರ ಕೇಳಿಸ್ತಿತ್ತು. ನಿನಗಾದ್ರೂ ಗೊತ್ತಿರುತ್ತೆ, ಈ ನೆಪದಲ್ಲಿ ಒಂದ್ಸಲ ಕೇಳ್ಬಹುದು ಅಂದ್ಕೊಂಡೆ."

ಅವಳು ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಅದಕ್ಕೆ ನನ್ನ ಬಳಿ ಉತ್ತರಗಳಿದ್ದವು. ರಾತ್ರಿಯೆಲ್ಲ ಕೂತು ತಯಾರು ಮಾಡಿಕೊಂಡಿದ್ದೆ. ಅವಳು ರೊಟ್ಟಿಯ ಚೂರುಗಳನ್ನು ಮೇಜಿನಿಂದ ಅಂಗೈಗೆ ಗುಡಿಸಿ ಕಿಟಕಿಯಿಂದ ಕೋಳಿಗಳಿಗೆ ಎಸೆದಳು.

"ಎರಡು ಪದ ಸಿಕ್ಕಿದೆ," ಎಂದೆ. ಹೇಳಿದೆ. ಕೊಟ್ಟಿಗೆ ಬಾಗಿಲು, ಮುಚ್ಚೋದಿಲ್ಲ.

ಅವಳಿಗೆ ಅರ್ಥವಾಗಲು ನನಗಿಂತ ಕಡಿಮೆ ಹೊತ್ತು ಹಿಡಿಯಿತು. ಮೊದಲು ನಕ್ಕಳು, ಜೋರಾಗಿ. ನಗುತ್ತಲೇ ತಲೆವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ತೆಗೆಯಲಿಲ್ಲ. ಮತ್ತೆ ಇಸ್ತ್ರಿ ಮಾಡಬೇಕಾಯಿತು.

ಹೋಗುವಾಗ, "ಆದ್ರೂ ನಿಂತ್ಕೋ," ಎಂದಳು.

"ನಿಂತು?"

"ಸುಮ್ನೆ ನಿಂತ್ಕೋ. ಅರ್ಪಾದ್ ಮಾಮ ನುಡಿಸ್ತಾರೆ."

ಜೂನ್ 9, ಭಾನುವಾರ

ನಿನ್ನೆ ಮುಗಿಯಿತು. ಕಾಲು ಊದಿದೆ. ಬೀಗರು ಸಾರಾಯಿ ತಡೆದುಕೊಂಡರು; ಬೀಗಿತ್ತಿ ತಡೆದುಕೊಂಡದ್ದಲ್ಲದೆ ಕೇಳಿ ಹಾಕಿಸಿಕೊಂಡಳು.

ಜೋಫಿಯಾಜ್ಜಿಯನ್ನೂ ಕರೆತಂದಿದ್ದರು. ಅವಳಿಗೆ ಹೊತ್ತಾಗಬಾರದೆಂದು ತಲೆವಸ್ತ್ರ ಕಟ್ಟುವುದನ್ನು ಬೆಳಕಿರುವಾಗಲೇ ಇಟ್ಟುಕೊಂಡರು. ಹೆಂಗಸರು ಹೂಕಿರೀಟ ಬಿಚ್ಚಿದರು, ಪಾವ್ಲೀನಾಳ ವಸ್ತ್ರ ಕಟ್ಟಿದರು. ಕೊರ್ನೆಲ್ ನನ್ನ ಕಡೆ ಕೈ ಮಾಡಿದ. ನಾನು ಎದ್ದು ಹೋಗಿ ತಂಡದ ಮುಂದೆ ನಿಂತೆ. ಹಿಂದೆ ಯಾರೋ, "ಕೂತ್ಕೊಳ್ರಪ್ಪ, ಎರಡು ಸಾಲಿಗೆ ಇಪ್ಪತ್ತು ಸಾಲಿನ ಪೀಠಿಕೆ ಇರುತ್ತೆ," ಎಂದರು. ಎಲ್ಲರೂ ನಕ್ಕರು, ಆಮೇಲೆ ಕಾದರು.

ಅರ್ಪಾದ್ ನನ್ನ ಎದೆಯನ್ನು ನೋಡುತ್ತಿದ್ದ. ನಾನು ಉಸಿರು ತೆಗೆದುಕೊಂಡೆ. ಬಿಲ್ಲು ಎದ್ದಿತು.

ಹಾಡು ಮಾತಿಲ್ಲದೆ ಸುತ್ತಿ ಬಂತು. ಎಡವುವ ಸ್ವರ ಬಂದಾಗ ಅರ್ಪಾದ್ ಅದನ್ನು ಎಳೆದ. ನಾನು ತಿರುಗಿದೆ. ಅಲ್ಲಿ ಲೀವಿಯಾ ಇದ್ದಳು, ಕೈ ಸೊಂಟದ ಮೇಲೆ, ಎಡಗೈ. ಅವಳು ಒಬ್ಬಳೇ ಕುಣಿದಳು. ನನ್ನ ದನಿ ಇನ್ನೂ ಬಂದಿಲ್ಲವೆಂದು ಕೆಲವರು ಮರುಗಿದರು. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ.

ಮುಗಿಯಿತೆಂದುಕೊಂಡು ನಾನು ಪಕ್ಕಕ್ಕೆ ಸರಿದರೆ, ಲೀವಿಯಾ ನೇರ ನಾನು ನಿಂತಿದ್ದ ಜಾಗಕ್ಕೇ ಬಂದು ನಿಂತಳು. ಯಾರಿಗೂ ಹೇಳಿರಲಿಲ್ಲ. ಅದೇ ರಾಗಕ್ಕೆ, ಮೈಕಿಲ್ಲದೆ, ತೊಬಿಯಾಶ್‌ನನ್ನು ನೋಡುತ್ತಾ:

ಪೇಟೆಯಿಂದ ಬಂದವನೇ, ಕಿವಿಗೆ ಬುಟ್ಟಿ ಕಟ್ಟಿದವನೇ…

"ಬಿಸಿ ಬಿಸಿ ಎಲೆಕೋಸಿನ ಸಾರು ಬಂದಿದೆ!" ಎಂದು ಮೈಕು ಕೂಗಿತು. "ತಟ್ಟೆ ಹಿಂದಿನಿಂದ ಮುಂದಕ್ಕೆ ಸಾಗಿಸಿ!"

ನಾನು ಕೊರ್ನೆಲ್‌ನ ಕಡೆ ಓಡಿದೆ. ಈ ಕಾಲಿನಲ್ಲಿ ಓಡಿದೆ. ಮೈಕಿನ ಮೇಲೆ ಕೈ ಮುಚ್ಚುವಷ್ಟರಲ್ಲಿ ಎರಡನೆಯ ಸಾಲು ಮುಗಿದು ತಂಡದ ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ತೊಬಿಯಾಶ್ ಕಿವಿಯವರೆಗೆ ಕೆಂಪಾಗಿದ್ದ. ಕೊರ್ನೆಲ್ ಗಾಬರಿಯಿಂದ, "ಏನಾಯ್ತು ಸಾರ್? ಸಾರು ತಡ ಮಾಡಬಾರದು ಅಂತ ನೀವೇ ಹೇಳಿದ್ರಲ್ಲ?" ಎಂದ.

ಹೇಳಿದ್ದೆ.

ಜೂನ್ 10, ಸೋಮವಾರ

ಬೆಳಿಗ್ಗೆ ಇಬ್ಬರೂ ಉಳಿದ ಕೇಕು ತಿನ್ನಲು ಬಂದರು. ಲೀವಿಯಾಳ ಕೂದಲಲ್ಲಿ ಇನ್ನೂ ಪಿನ್ನುಗಳು.

"ಎರಡನೇ ಸಾಲು ಏನು?" ಎಂದೆ.

"ಅಪ್ಪಾ! ನೀನು ಅಲ್ಲೇ ಇದ್ದೆ."

"ಇದ್ದೆ."

ಅವಳು ನನ್ನ ಮುಖ ನೋಡಿದಳು. ತೊಬಿಯಾಶ್‌ನನ್ನು ಕೇಳಿದರೆ ಅವನು, "ನಾನು ಹೇಳಲ್ಲ ಮಾವ, ಪ್ರಾಣ ಹೋದ್ರೂ ಹೇಳಲ್ಲ," ಎಂದು ಮತ್ತೆ ಕೆಂಪಾದ. ಇವಳು ಕೇಕಿನ ಕೆನೆಯನ್ನು ಬೆರಳಿನಿಂದ ನೆಕ್ಕುತ್ತಾ, "ಅಡಿಗೆಮನೇಲಿ ಕೂತು ಹೇಳಿದ್ರೆ ಅದೇನು ಅಪ್ಪಣೆಯಾ?" ಎಂದಳು. "ಪಿಟೀಲು ಬೇಕು, ಜನ ಬೇಕು. ಇನ್ನೊಂದು ಮದುವೆ ಬರ್ಲಿ, ಎತ್ತಿಕೊಡ್ತೀನಿ. ಹತ್ರ ನಿಂತ್ಕೋ."

ಅವರು ಹೋದ ಮೇಲೆ ಗೋಡೆಯ ಕ್ಯಾಲೆಂಡರು ನೋಡಿದೆ. ಆಗಸ್ಟ್ ಹದಿನೇಳರವರೆಗೆ ನಮ್ಮ ಕಡೆ ಮದುವೆಯಿಲ್ಲ. ಆವತ್ತಿನದಕ್ಕೆ ಮಾತಿನ ಹಿರಿಯನಾಗಿ ಕಳೆದ ವರ್ಷವೇ ನನ್ನನ್ನು ಗೊತ್ತು ಮಾಡಿಕೊಂಡಿದ್ದಾರೆ. ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಫೋನು ಮಾಡಿದೆ. ಗಂಟಲು ಇನ್ನೂ ಸರಿಹೋಗಿಲ್ಲವೇ ಎಂದು ಕೇಳಿದರು.

ಸರಿಹೋಗಿದೆ, ಸುಮ್ಮನೆ ಊಟಕ್ಕೆ ಬರುತ್ತೇನೆ, ತಂಡದ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿ ಎಂದೆ.